ಮಲೆನಾಡಿಗೆ ಎಂಥ ಮೊಬೈಲು? ಬೀಗವಿಲ್ಲದ ಸಣ್ಣ ಫೋನಿನ ಆಯ್ಕೆ

(ಬೆಂಗಳೂರಿನ ಯಡಿಯೂರಿನಲ್ಲಿ ಓದಿಗೂ ಉದ್ಯೋಗಕ್ಕೂ ನೆಲೆಸಿರುವ ಮಲೆನಾಡಿನ ಯುವಜನರ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ದೀಪಾವಳಿಗೆ ಊರಿಗೆ ಹೊರಡುವ ಹಿಂದಿನ ದಿನ ಯಡಿಯೂರಿನ ಬಾಡಿಗೆ ಕೋಣೆಗಳಲ್ಲಿ ಒಂದು ಸಣ್ಣ ಸಡಗರವಿರುತ್ತದೆ. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿ ಸಾಲಿಗೆ ಹೋಗಿ ತಂಗಿಗೊಂದು ಬಟ್ಟೆ, ಅಪ್ಪನಿಗೊಂದು ಟಾರ್ಚು, ಅಮ್ಮನಿಗೊಂದು ಮೊಬೈಲು ಕೊಂಡು ತರುವುದು ರೂಢಿಯಾಗಿದೆ. ಅಂಗಡಿಯಲ್ಲಿ ಆ ಮೊಬೈಲು ಚೆನ್ನಾಗಿಯೇ ಮಾತಾಡುತ್ತದೆ. ಯಡಿಯೂರು ಕೆರೆಯ ದಂಡೆಯಲ್ಲಿ ನಿಂತು ನೋಡಿದರೂ ಪರದೆಯ ಮೇಲಿನ ಕಡ್ಡಿಗಳೆಲ್ಲ ತುಂಬಿರುತ್ತವೆ. ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಘಟ್ಟದ ಮೇಲಿನ ಊರಿನಲ್ಲಿ ಇಳಿದು, ಎರಡು ಮೈಲಿ ನಡೆದು ಮನೆಯ ಜಗಲಿ ಮುಟ್ಟುವಷ್ಟರಲ್ಲಿ ಆ ಕಡ್ಡಿಗಳು ಒಂದೊಂದಾಗಿ ಅಳಿದಿರುತ್ತವೆ. ನೆರೆಮನೆಯವರ ಹಳೆಯ ಫೋನು ಮಾತ್ರ ಅದೇ ಜಗಲಿಯಲ್ಲಿ ಕುಳಿತು ಮಂಗಳೂರಿನೊಂದಿಗೆ ಮಾತಾಡುತ್ತಿರುತ್ತದೆ. ಅವರ ಸಿಮ್ ಕಾರ್ಡನ್ನು ತೆಗೆದು ಹೊಸ ಫೋನಿಗೆ ಹಾಕಿದರೆ, ಈ ಸಿಮ್ಮಿಗೆ ಇಲ್ಲಿ ಪ್ರವೇಶವಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲೊಂದು ಮೂಡುತ್ತದೆ.

ಫೋನು ಕೆಟ್ಟಿಲ್ಲ, ಸಿಮ್ಮೂ ಕೆಟ್ಟಿಲ್ಲ. ಕೊಳ್ಳುವಾಗ ಕೇಳಬೇಕಾಗಿದ್ದ ಎರಡು ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ, ಅಷ್ಟೇ. ಜೂನ್ ತಿಂಗಳಲ್ಲಿ ಹಳ್ಳ ಉಕ್ಕಿ ಕಾಲುಸಂಕ ಮುಳುಗಿದಾಗ, ಮನೆಯಲ್ಲಿ ಒಬ್ಬರೇ ಇರುವ ತಾಯಿಯ ಕೈಯಲ್ಲಿ ಈ ಫೋನು ಇರುತ್ತದೆ. ಆದ್ದರಿಂದ ಆ ಎರಡು ಪ್ರಶ್ನೆಗಳ ಬೆಲೆ ಫೋನಿನ ಬೆಲೆಗಿಂತ ಬಹಳ ದೊಡ್ಡದು. ಯಾವ ಕಂಪನಿಯ ಸಿಮ್ಮನ್ನಾದರೂ ಒಪ್ಪುವ, ಸಣ್ಣದಾದ, ಬಾಳಿಕೆ ಬರುವ ಫೋನನ್ನು ಆರಿಸುವುದು ಹೇಗೆಂಬುದೇ ಇಂದಿನ ವಿಷಯ.

ಬೀಗ ಎಂದರೇನು?

ಕೆಲವು ಫೋನುಗಳನ್ನು ಸೇವಾ ಕಂಪನಿಗಳೇ ತಯಾರಿಸಿಕೊಂಡು, ತಮ್ಮ ಸಿಮ್ಮನ್ನು ಬಿಟ್ಟು ಬೇರೆ ಯಾವುದನ್ನೂ ಅದು ಸ್ವೀಕರಿಸದಂತೆ ಒಳಗಿನ ತಂತ್ರಾಂಶದಲ್ಲಿ ತಡೆಯೊಡ್ಡಿ ಮಾರುತ್ತವೆ. ಇದಕ್ಕೆ ಬಳಕೆಯ ಮಾತಿನಲ್ಲಿ 'ಲಾಕ್ ಆದ ಫೋನು' ಎನ್ನುತ್ತಾರೆ. ಬೆಲೆ ಕಡಿಮೆಯಿರುವುದಕ್ಕೆ ಕಾರಣವೂ ಇದೇ. ಫೋನಿನಲ್ಲಿ ಬಿಟ್ಟುಕೊಟ್ಟ ಹಣವನ್ನು ತಿಂಗಳ ರೀಚಾರ್ಜಿನಲ್ಲಿ ಹಿಂಪಡೆಯುವ ಲೆಕ್ಕಾಚಾರ ಅದರಲ್ಲಿದೆ. ಪಟ್ಟಣದಲ್ಲಿ ಇದರಿಂದ ಹೆಚ್ಚಿನ ತೊಂದರೆಯಿಲ್ಲ, ಏಕೆಂದರೆ ಅಲ್ಲಿ ಎಲ್ಲ ಕಂಪನಿಗಳ ಟವರುಗಳೂ ಕೂಗಳತೆಯಲ್ಲಿರುತ್ತವೆ. ಒಂದು ಕಣಿವೆಗೆ ಒಂದೇ ಟವರು, ಅದೂ ಒಂದೇ ಕಂಪನಿಯದು ಎಂಬ ಸ್ಥಿತಿಯಿರುವ ಮಲೆನಾಡಿನಲ್ಲಿ ಬೀಗ ಹಾಕಿದ ಫೋನು ತಪ್ಪು ಕಣಿವೆಗೆ ಬಂದರೆ ಅದು ಬರಿಯ ಗಡಿಯಾರ.

ಭಾರತದಲ್ಲಿ ಈ ಬೀಗಕ್ಕೆ ಒಂದು ಚರಿತ್ರೆಯಿದೆ. 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋದಾಗ ಬಳಕೆಯಾದದ್ದು ಜಿಎಸ್ಎಂ ತಂತ್ರಜ್ಞಾನ. ಅದರಲ್ಲಿ ಫೋನು ಬೇರೆ, ಸಿಮ್ಮು ಬೇರೆ. ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸಬಹುದು. 2003ರಲ್ಲಿ ರಿಲಯನ್ಸ್ ಇನ್ಫೋಕಾಂ 501 ರೂಪಾಯಿಯ ಯೋಜನೆಯೊಂದಿಗೆ ಸಿಡಿಎಂಎ ಫೋನುಗಳನ್ನು ಮನೆಮನೆಗೆ ತಲುಪಿಸಿತು. ಟಾಟಾ ಇಂಡಿಕಾಂ ಕೂಡ ಅದೇ ಹಾದಿ ಹಿಡಿಯಿತು. ಕಂಬಿ ಕಡಿದುಹೋಗುತ್ತಿದ್ದ ಹಳ್ಳಿಗಳಿಗೆ ಬಿಎಸ್ಸೆನ್ನೆಲ್ 'ತರಂಗ್' ಎಂಬ ಹೆಸರಿನಲ್ಲಿ ಕೊಟ್ಟ ಡಬ್ಲ್ಯುಎಲ್ಎಲ್ ಪೆಟ್ಟಿಗೆಯೂ ಸಿಡಿಎಂಎಯದೇ. ಆ ಕಾಲದ ಅಂಥ ಫೋನುಗಳಲ್ಲಿ ಬಹುಪಾಲಿಗೆ ಸಿಮ್ಮೇ ಇರಲಿಲ್ಲ. ಸಂಖ್ಯೆಯನ್ನು ಫೋನಿನೊಳಗೇ ಬರೆದಿರುತ್ತಿದ್ದರು. ಮುಂದೆ ಒಂದೊಂದಾಗಿ ಕಂಪನಿಗಳು ಸಿಡಿಎಂಎ ಸೇವೆಯನ್ನು ಕೈಬಿಟ್ಟಾಗ, ಕೆಡದೆ ಇದ್ದ ಫೋನುಗಳೂ ರಾತ್ರೋರಾತ್ರಿ ಕಸವಾದವು. ಮಲೆನಾಡಿನ ಎಷ್ಟೋ ಮನೆಗಳ ಅಟ್ಟದಲ್ಲಿ ಅವು ಇಂದಿಗೂ ಬಿದ್ದಿವೆ. ಬೀಗದ ಪರಿಸರ ವೆಚ್ಚವನ್ನು ತಿಳಿಯಲು ಆ ಅಟ್ಟವನ್ನೊಮ್ಮೆ ಹತ್ತಿ ನೋಡಿದರೆ ಸಾಕು.

2008ರ ಆಗಸ್ಟಿನಲ್ಲಿ ಐಫೋನ್ 3ಜಿ ಭಾರತಕ್ಕೆ ಬಂದಾಗ 31,000 ರೂಪಾಯಿ ತೆತ್ತವರಿಗೂ ಏರ್‌ಟೆಲ್ ಅಥವಾ ವೊಡಾಫೋನಿನ ಬೀಗ ತಪ್ಪಲಿಲ್ಲ. 2017ರಲ್ಲಿ 1,500 ರೂಪಾಯಿಯ ಮರುಪಾವತಿ ಠೇವಣಿಯ ಮೇಲೆ ಬಂದ ಜಿಯೋಫೋನ್, 2023ರಲ್ಲಿ 999 ರೂಪಾಯಿಗೆ ಬಂದ ಜಿಯೋಭಾರತ್ ಫೋನುಗಳು ಜಿಯೋ ಸಿಮ್ಮಿಗೆ ಮಾತ್ರ ತೆರೆದುಕೊಳ್ಳುವಂಥವು. ಜಿಯೋ ಟವರು ಚೆನ್ನಾಗಿರುವ ಊರಿನಲ್ಲಿ ಅವು ಅಗ್ಗದ, ಉಪಯುಕ್ತ ಸಾಧನಗಳೇ ಹೌದು. ಆದರೆ ಕೊಳ್ಳುವವರಿಗೆ ಈ ಕಟ್ಟು ತಿಳಿದಿರಬೇಕು.

ಹೊರದೇಶಗಳು ಈ ವಿಷಯದಲ್ಲಿ ಕಾನೂನನ್ನೇ ತಂದಿವೆ. ಕೆನಡಾದಲ್ಲಿ 2017ರ ಡಿಸೆಂಬರಿನಿಂದ, ಬ್ರಿಟನ್ನಿನಲ್ಲಿ 2021ರ ಡಿಸೆಂಬರಿನಿಂದ ಕಂಪನಿಗಳು ಬೀಗ ಹಾಕಿದ ಫೋನು ಮಾರುವಂತಿಲ್ಲ. ಅಮೆರಿಕದಲ್ಲಿ ಗ್ರಾಹಕರು ತಮ್ಮ ಫೋನಿನ ಬೀಗ ತೆಗೆಸಿಕೊಳ್ಳುವುದನ್ನು 2014ರ ಕಾಯ್ದೆ ಸಕ್ರಮಗೊಳಿಸಿತು. ಆದರೂ ಬೀಗ ಹಾಕಿಯೇ ಮಾರುವ ಪದ್ಧತಿ ಅಲ್ಲಿ ನಿಂತಿಲ್ಲ. ಆದ್ದರಿಂದ ಅಮೆರಿಕದಿಂದ ನೆಂಟರು ಪ್ರೀತಿಯಿಂದ ತಂದ ಫೋನನ್ನು ಊರಿಗೊಯ್ಯುವ ಮುನ್ನ ಇಲ್ಲಿನ ಸಿಮ್ ಹಾಕಿ ನೋಡುವುದು ಕ್ಷೇಮ.

ಬೀಗ ತೆರೆದರೆ ಸಾಲದು

ಎರಡನೆಯ ಪ್ರಶ್ನೆ ತರಂಗದ್ದು. ಮೊಬೈಲ್ ಸೇವೆಗೆ ಸರ್ಕಾರ ಹಲವು ತರಂಗಪಟ್ಟಿಗಳನ್ನು ಹಂಚಿದೆ. ರೇಡಿಯೋದಲ್ಲಿ ಬೇರೆ ಬೇರೆ ಕೇಂದ್ರಗಳು ಬೇರೆ ಬೇರೆ ಅಂಕಿಗಳಲ್ಲಿ ಸಿಗುವಂತೆ ಇಲ್ಲಿಯೂ ಒಂದೊಂದು ಕಂಪನಿ ಒಂದೊಂದು ಪಟ್ಟಿಯಲ್ಲಿ ಸೇವೆ ನೀಡುತ್ತದೆ. ಫೋನಿನೊಳಗೆ ಆ ಪಟ್ಟಿಯನ್ನು ಗ್ರಹಿಸುವ ವ್ಯವಸ್ಥೆಯಿಲ್ಲದಿದ್ದರೆ ಬೀಗವಿಲ್ಲದಿದ್ದರೂ ಪ್ರಯೋಜನವಿಲ್ಲ.

4ಜಿಯಲ್ಲಿ ಜಿಯೋ 850, 1800 ಮತ್ತು 2300 ಮೆಗಾಹರ್ಟ್ಸ್ ಪಟ್ಟಿಗಳನ್ನು ಬಳಸುತ್ತದೆ. ಇವುಗಳ ಕ್ರಮಸಂಖ್ಯೆ 5, 3 ಮತ್ತು 40. ಏರ್‌ಟೆಲ್ ಮತ್ತು ವಿ ಕಂಪನಿಗಳು 900, 1800, 2100 ಮುಂತಾದವನ್ನು ಬಳಸುತ್ತವೆ. ಅವುಗಳ ಕ್ರಮಸಂಖ್ಯೆ 8, 3 ಮತ್ತು 1. ಬಿಎಸ್ಸೆನ್ನೆಲ್ ತನ್ನ ಸ್ವದೇಶಿ 4ಜಿಯನ್ನು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ, ಎಂದರೆ 28 ಮತ್ತು 1ನೇ ಪಟ್ಟಿಗಳಲ್ಲಿ ಕಟ್ಟುತ್ತಿದೆ. ಈ 28 ಎಂಬ ಅಂಕಿಯನ್ನು ಮಲೆನಾಡಿನವರು ನೆನಪಿಟ್ಟುಕೊಳ್ಳಬೇಕು.

ಕಾರಣ ಸರಳವಾದುದು. ತರಂಗದ ಆವರ್ತನ ತಗ್ಗಿದಷ್ಟೂ ಅದರ ಅಲೆ ಉದ್ದವಾಗುತ್ತದೆ. 2300 ಮೆಗಾಹರ್ಟ್ಸಿನ ಅಲೆ ಸುಮಾರು 13 ಸೆಂಟಿಮೀಟರ್ ಉದ್ದ. 700ರ ಪಟ್ಟಿಯದು ಸುಮಾರು 40 ಸೆಂಟಿಮೀಟರ್. ಉದ್ದನೆಯ ಅಲೆ ಗುಡ್ಡದ ಅಂಚನ್ನು ಬಳಸಿ ಒಂದಿಷ್ಟು ಬಾಗಬಲ್ಲದು, ಗೋಡೆಯನ್ನು ತೂರಬಲ್ಲದು, ಮಳೆಯಲ್ಲಿ ತೊಯ್ದ ಎಲೆಗಳ ನಡುವೆಯೂ ಅಷ್ಟಾಗಿ ಸೋರಿಹೋಗದು. ಗಿಡ್ಡ ಅಲೆ ಹೆಚ್ಚು ಮಾಹಿತಿಯನ್ನು ಹೊರಬಲ್ಲದಾದರೂ ಒದ್ದೆಯಾದ ಅಡಿಕೆ ತೋಟ ಅದನ್ನು ಬೇಗ ಹೀರಿಬಿಡುತ್ತದೆ. ಬೇಸಿಗೆಯಲ್ಲಿ ಸಿಗುತ್ತಿದ್ದ ರೇಂಜು ಮಳೆಗಾಲದಲ್ಲಿ ಕೈಕೊಡುವುದಕ್ಕೆ ವಿದ್ಯುತ್ ಕಡಿತದ ಜೊತೆಗೆ ಇದೂ ಒಂದು ಕಾರಣ. ಆದ್ದರಿಂದ ಊರಿನ ಫೋನಿನಲ್ಲಿ 28, 5 ಮತ್ತು 8, ಈ ಮೂರು ತಗ್ಗು ಪಟ್ಟಿಗಳು ಇರುವುದು ಬಹಳ ಮುಖ್ಯ. ಹೆಚ್ಚಿನ ಪಟ್ಟಿಗಳು ಇದ್ದರೆ ಪಟ್ಟಣಕ್ಕೆ ಹೋದಾಗ ಉಪಯೋಗಕ್ಕೆ ಬರುತ್ತವೆ.

ಹಳೆಯ 2ಜಿ ಫೋನಿಗೂ ಇದೇ ಮಾತು ಅನ್ವಯಿಸುತ್ತದೆ. ಭಾರತದ 2ಜಿ ನಡೆಯುವುದು 900 ಮತ್ತು 1800ರಲ್ಲಿ. ಅಮೆರಿಕದ್ದು 850 ಮತ್ತು 1900ರಲ್ಲಿತ್ತು. ನಾಲ್ಕೂ ಪಟ್ಟಿಗಳುಳ್ಳ ಫೋನಿಗೆ ಒಂದು ಕಾಲದಲ್ಲಿ ಮರ್ಯಾದೆ ಹೆಚ್ಚಿದ್ದುದು ಇದರಿಂದಲೇ.

ಮಾತು ಸಾಗುವ ದಾರಿ

4ಜಿ ಮೂಲತಃ ಮಾಹಿತಿ ಸಾಗಿಸಲು ಹುಟ್ಟಿದ ತಂತ್ರ. ಅದರಲ್ಲಿ ಮಾತನ್ನು ಸಾಗಿಸಲು 'ವೋಲ್ಟಿ' ಎಂಬ ವ್ಯವಸ್ಥೆ ಬೇಕು. 2016ರ ಸೆಪ್ಟೆಂಬರಿನಲ್ಲಿ ಆರಂಭವಾದ ಜಿಯೋಗೆ 2ಜಿಯೂ ಇಲ್ಲ, 3ಜಿಯೂ ಇಲ್ಲ. ವೋಲ್ಟಿ ಇಲ್ಲದ ಫೋನಿನಲ್ಲಿ ಅದರ ಸಿಮ್ಮಿನಿಂದ ನೇರ ಕರೆ ಸಾಧ್ಯವಿಲ್ಲ. ಏರ್‌ಟೆಲ್, ವಿ, ಬಿಎಸ್ಸೆನ್ನೆಲ್‌ಗಳಲ್ಲಿ 4ಜಿ ಸಿಗದಾಗ ಕರೆ 2ಜಿಗೆ ಇಳಿದು ಸಾಗುತ್ತದೆ. ಏರ್‌ಟೆಲ್ 2020ರಲ್ಲಿ ತನ್ನ 3ಜಿಯನ್ನು ಮುಚ್ಚಿತು. 2ಜಿಗೂ ಒಂದು ದಿನ ಅದೇ ಗತಿ ಬರಬಹುದೆಂಬುದನ್ನು ಮನಸ್ಸಿನಲ್ಲಿಟ್ಟು ಕೊಳ್ಳುವುದು ವಿವೇಕ. 2ಜಿ ಒಂದೇ ಇರುವ ಫೋನು ಇಂದಿಗೆ ಅಗ್ಗ. ನಾಳೆಗೆ ಅದು ಸಿಡಿಎಂಎ ಪೆಟ್ಟಿಗೆಯ ಪಕ್ಕದಲ್ಲಿ ಅಟ್ಟ ಸೇರೀತು.

ಹೀಗಾಗಿ ಬೆಟ್ಟದ ಮನೆಗೆ ತಕ್ಕ ಸಣ್ಣ ಫೋನೆಂದರೆ ಬೀಗವಿಲ್ಲದ, ಎರಡು ಸಿಮ್ ಹಿಡಿಯುವ, 4ಜಿ ವೋಲ್ಟಿಯೂ 2ಜಿಯೂ ಇರುವ, ಗುಂಡಿಗಳುಳ್ಳ ಫೋನು. ಎರಡು ಸಿಮ್ ಇರುವುದರಿಂದ ಮನೆಯ ಬಳಿ ಸಿಗುವ ಕಂಪನಿಯದೊಂದು, ಪೇಟೆಯಲ್ಲಿ ಸಿಗುವ ಕಂಪನಿಯದೊಂದು ಇಟ್ಟುಕೊಳ್ಳಬಹುದು.

ಮಳೆಗಾಲದ ಪರೀಕ್ಷೆ

ಫೋನಿನ ನಿಜವಾದ ಪರೀಕ್ಷೆ ಆಷಾಢದಲ್ಲಿ. ಕೊಳೆರೋಗದ ಕಾಲದಲ್ಲಿ ಕೊನೆಗಾರನಿಗೆ ಕರೆ ಮಾಡಬೇಕಾದ ಕೈಯಲ್ಲಿ ಬೋರ್ಡೋ ದ್ರಾವಣದ ಸುಣ್ಣವೂ ಮೈಲುತುತ್ತವೂ ಮೆತ್ತಿರುತ್ತದೆ. ಒದ್ದೆ ಬೆರಳಿಗೆ ಸ್ಪರ್ಶಪರದೆ ಸರಿಯಾಗಿ ಒಗ್ಗುವುದಿಲ್ಲ, ಗುಂಡಿ ಒಗ್ಗುತ್ತದೆ. ಕಣ್ಣು ಮಂದವಾದ ಅಜ್ಜಿಗೂ ಬೆರಳಿನ ಸ್ಪರ್ಶದಲ್ಲೇ 5ರ ಗುಂಡಿ ಗುರುತಾಗುತ್ತದೆ, ಏಕೆಂದರೆ ಅದರ ಮೇಲೆ ಸಣ್ಣ ಉಬ್ಬು ಇರುತ್ತದೆ. 2003ರಲ್ಲಿ ಬಂದ ನೋಕಿಯಾ 1100 ಫೋನಿಗೆ ದೂಳು ತಡೆಯುವ ಗುಂಡಿಹೊದಿಕೆಯೂ ತಲೆಯಲ್ಲೊಂದು ಟಾರ್ಚೂ ಇದ್ದವು. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾದ ಆ ಫೋನನ್ನು ಹಳ್ಳಿಗರು ಮೆಚ್ಚಿದ್ದು ಸುಮ್ಮನೆ ಅಲ್ಲ. ಕತ್ತಲೆಯಲ್ಲಿ ಕೊಟ್ಟಿಗೆಗೆ ಹೋಗುವವರಿಗೆ ಕ್ಯಾಮೆರಾಕ್ಕಿಂತ ಟಾರ್ಚು ಮುಖ್ಯ.

ಬ್ಯಾಟರಿಯ ಮಾತು ಇನ್ನೂ ಮುಖ್ಯ. ಮರ ಬಿದ್ದು ವಾರಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಮೂರು ನಾಲ್ಕು ದಿನ ಬಾಳದ ಫೋನು ಕೆಲಸಕ್ಕೆ ಬಾರದು. ಇಲ್ಲಿ ಒಂದು ವೈಜ್ಞಾನಿಕ ಸಂಗತಿಯನ್ನು ಗಮನಿಸಬೇಕು. ಟವರು ದೂರವಿದ್ದಷ್ಟೂ ಫೋನು ಹೆಚ್ಚು ಶಕ್ತಿ ವ್ಯಯಿಸಿ ಕೂಗಬೇಕಾಗುತ್ತದೆ. 900 ಮೆಗಾಹರ್ಟ್ಸಿನ 2ಜಿ ಫೋನು ಗರಿಷ್ಠ 2 ವ್ಯಾಟ್ ಶಕ್ತಿಯ ಮಿಡಿತಗಳನ್ನು ಹೊರಡಿಸಬಲ್ಲದು. 4ಜಿ ಫೋನಿನ ಗರಿಷ್ಠ ಮಿತಿ ಸುಮಾರು 0.2 ವ್ಯಾಟ್. ರೇಂಜು ಇಲ್ಲದ ಕಡೆ ಫೋನನ್ನು ಸುಮ್ಮನೆ ಇಟ್ಟರೂ ಅದು ಟವರನ್ನು ಹುಡುಕುತ್ತ ಬ್ಯಾಟರಿಯನ್ನು ತಿನ್ನುತ್ತದೆ. ಯಡಿಯೂರಿನಲ್ಲಿ ಐದು ದಿನ ಬಂದ ಬ್ಯಾಟರಿ ಊರಿನಲ್ಲಿ ಎರಡೇ ದಿನಕ್ಕೆ ಮುಗಿದರೆ ಅಂಗಡಿಯವನನ್ನು ಬಯ್ಯಬೇಕಾಗಿಲ್ಲ. ರೇಂಜು ಸಿಗುವ ಕಿಟಕಿಯ ಬಳಿ ಫೋನಿಗೊಂದು ಗೂಡು ಮಾಡಿಡುವುದು, ಮಲಗುವಾಗ ತಲೆಯ ಬಳಿ ಇಟ್ಟುಕೊಳ್ಳದಿರುವುದು ಒಳ್ಳೆಯ ಅಭ್ಯಾಸ. ಫೋನಿನ ವಿಕಿರಣ ದೇಹಕ್ಕೆ ಹೀರಿಕೆಯಾಗುವ ಪ್ರಮಾಣಕ್ಕೆ 2012ರ ಸೆಪ್ಟೆಂಬರಿನಿಂದ ಭಾರತದಲ್ಲಿ ಕಿಲೋಗ್ರಾಮಿಗೆ 1.6 ವ್ಯಾಟ್ ಎಂಬ ಮಿತಿಯಿದೆ. ಡಬ್ಬಿಯ ಮೇಲೋ ಕೈಪಿಡಿಯಲ್ಲೋ 'ಎಸ್ಎಆರ್' ಎಂಬ ಅಕ್ಷರಗಳ ಮುಂದೆ ಆ ಅಂಕಿಯನ್ನು ನೋಡಬಹುದು.

ಬೆನ್ನಿನ ಮುಚ್ಚಳ ತೆಗೆದು ಬ್ಯಾಟರಿಯನ್ನು ಕೈಯಿಂದಲೇ ಬದಲಿಸಬಹುದಾದ ಫೋನನ್ನೇ ಆರಿಸಬೇಕು. ಆದರೆ ನಕಲಿ ಬ್ಯಾಟರಿಯ ಬಗ್ಗೆ ಎಚ್ಚರವಿರಲಿ. ಅಸಲಿಯೂ ಎಡವಿದ್ದುಂಟು, 2007ರಲ್ಲಿ ನೋಕಿಯಾ ಸಂಸ್ಥೆ ತನ್ನ ಬಿಎಲ್-5ಸಿ ಬ್ಯಾಟರಿಗಳಲ್ಲಿ 4.6 ಕೋಟಿಯಷ್ಟು ಅತಿಯಾಗಿ ಬಿಸಿಯಾಗಬಹುದೆಂದು ಎಚ್ಚರಿಸಿ, ಬದಲಿಸಿಕೊಡಲು ಮುಂದಾಗಿತ್ತು. ಉಬ್ಬಿದ ಬ್ಯಾಟರಿಯನ್ನು ಒಂದು ಗಂಟೆಯೂ ಮನೆಯೊಳಗೆ ಬಳಸಬಾರದು.

ಇನ್ನು ಕನ್ನಡ. ಭಾರತೀಯ ಮಾನಕ ಸಂಸ್ಥೆಯ ಐಎಸ್ 16333 (ಭಾಗ 3) ಎಂಬ ಮಾನಕದ ಪ್ರಕಾರ ದೇಶದ 22 ಭಾಷೆಗಳ ಸಂದೇಶಗಳೂ ಫೋನಿನಲ್ಲಿ ಓದಲು ಬರಬೇಕು. ಬರೆಯಲು ಮಾತ್ರ ಇಂಗ್ಲಿಷ್, ಹಿಂದಿಗಳ ಜೊತೆಗೆ ಇನ್ನೊಂದು ಭಾಷೆ ಇದ್ದರೆ ಸಾಕು. ಆ ಇನ್ನೊಂದು ಕನ್ನಡವೇ ಹೌದೇ ಎಂದು ಅಂಗಡಿಯಲ್ಲೇ ಒಂದು ಸಂದೇಶ ಬರೆದು ನೋಡಬೇಕು. ಮಳೆಯ ಮುನ್ಸೂಚನೆಗೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣ ಮಿತ್ರ' (92433 45433), ಬೆಳೆಯ ಸಲಹೆಗೆ 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರ್ (1800 180 1551) ಇವೆರಡೂ ಕನ್ನಡದಲ್ಲಿ ಉತ್ತರಿಸುತ್ತವೆ. ಅವಕ್ಕೆ ಗುಂಡಿಯ ಫೋನು ಸಾಕು. 2017ರಿಂದ ಮಾರಾಟವಾಗುವ ಗುಂಡಿಯ ಫೋನುಗಳಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುವ ಸೌಲಭ್ಯವಿರಬೇಕೆಂಬ ನಿಯಮವಿದೆ. ಕೊಟ್ಟ ದಿನವೇ ಅದನ್ನು ಮನೆಯವರಿಗೆ ತೋರಿಸಿಕೊಡಬೇಕು.

ಅಂಗಡಿಯಲ್ಲಿ ಮಾಡಬೇಕಾದುದು

ಊರಿನಲ್ಲಿ ಯಾವ ಕಂಪನಿಯ ರೇಂಜು ಎಲ್ಲಿ ಸಿಗುತ್ತದೆಂಬುದನ್ನು ಮೊದಲು ಮನೆಯವರಿಂದ ಕೇಳಿ ತಿಳಿಯಬೇಕು. ಜಗಲಿಯಲ್ಲೋ, ತೋಟದ ತಲೆಯಲ್ಲೋ, ಗುಡ್ಡದ ಮೇಲೋ ಎಂಬುದೂ ಮುಖ್ಯ. ಅನಂತರ ಅಂಗಡಿಗೆ ಎರಡು ಬೇರೆ ಕಂಪನಿಗಳ ಸಿಮ್ಮುಗಳನ್ನು ಒಯ್ಯಬೇಕು. ಎರಡನ್ನೂ ಹಾಕಿ ಕರೆ ಮಾಡಿ ನೋಡಿದರೆ ಬೀಗವಿದೆಯೇ ಎಂಬುದು ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಈಗಿನ ಸಣ್ಣ ನ್ಯಾನೋ ಸಿಮ್ಮನ್ನು ದೊಡ್ಡ ಕಿಂಡಿಗೆ ಹಾಕಲು ಪ್ಲಾಸ್ಟಿಕ್ಕಿನ ಚೌಕಟ್ಟು ಬೇಕಾಗುತ್ತದೆ. ಅದನ್ನೂ ಕೇಳಿ ಪಡೆಯಬೇಕು. ಡಬ್ಬಿಯ ಅಥವಾ ಕೈಪಿಡಿಯ ಮೇಲೆ 4ಜಿ ಪಟ್ಟಿಗಳ ಸಾಲಿನಲ್ಲಿ 28, 5, 8 ಇವೆಯೇ ಎಂದು ಓದಬೇಕು. ಸಾಲೇ ಇಲ್ಲದಿದ್ದರೆ ಆ ಫೋನನ್ನು ಬಿಡುವುದು ಲೇಸು.

ಎಸ್.ಪಿ. ರಸ್ತೆಯಲ್ಲೋ ಬೇರೆಲ್ಲೋ ಹಳೆಯ ಫೋನು ಕೊಳ್ಳುವವರು *#06# ಎಂದು ಒತ್ತಿ ಬರುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ಬ್ಯಾಟರಿಯ ಕೆಳಗಿನ ಚೀಟಿಯೊಂದಿಗೆ ಹೋಲಿಸಬೇಕು. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಜಾಗ ಬಿಟ್ಟು, ಆ ಸಂಖ್ಯೆಯನ್ನು 14422ಕ್ಕೆ ಸಂದೇಶ ಕಳಿಸಿದರೆ ಫೋನಿನ ಜಾತಕ ಬರುತ್ತದೆ. ಕದ್ದ ಫೋನಾಗಿದ್ದರೆ ಅದನ್ನು ದೇಶದ ಎಲ್ಲ ಜಾಲಗಳಲ್ಲೂ ತಡೆಯುವ ವ್ಯವಸ್ಥೆ 2023ರಿಂದ ದೇಶವ್ಯಾಪಿಯಾಗಿದೆ. ಅಗ್ಗಕ್ಕೆ ಸಿಕ್ಕಿತೆಂದು ತಂದ ಫೋನು ಒಂದು ಬೆಳಿಗ್ಗೆ ಮೂಕವಾದರೆ ಹಣ ಮರಳದು.

ಸಂಖ್ಯೆ ಬಳಕೆದಾರರದು

ಬ್ಯಾಂಕು, ಆಧಾರ್, ಪಡಿತರ, ಬೆಳೆವಿಮೆ ಎಲ್ಲವೂ ಒಂದು ಮೊಬೈಲ್ ಸಂಖ್ಯೆಗೆ ಅಂಟಿಕೊಂಡಿರುವುದರಿಂದ ಕಂಪನಿ ಬದಲಿಸಲು ಹಿರಿಯರು ಅಂಜುತ್ತಾರೆ. ಆ ಅಂಜಿಕೆ ಬೇಡ. ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿ 20ರಿಂದ ದೇಶದಾದ್ಯಂತ ಇದೆ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಸಂಖ್ಯೆ ಸೇರಿಸಿ, 1900ಕ್ಕೆ ಸಂದೇಶ ಕಳಿಸಿದರೆ ಒಂದು ಗುಪ್ತಸಂಕೇತ ಬರುತ್ತದೆ. ಅದನ್ನು ಗುರುತಿನ ದಾಖಲೆಯೊಂದಿಗೆ ಹೊಸ ಕಂಪನಿಗೆ ಕೊಟ್ಟರಾಯಿತು. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು ಎಂಬುದು ಮುಖ್ಯ ಷರತ್ತು. ಆದರೆ ಬೀಗ ಹಾಕಿದ ಫೋನು ಕೈಯಲ್ಲಿದ್ದರೆ ಈ ಹಕ್ಕು ಕಾಗದದ ಮೇಲೆ ಉಳಿಯುತ್ತದೆ. ಕಂಪನಿ ಬದಲಿಸಲು ಫೋನನ್ನೂ ಬದಲಿಸಬೇಕಾಗುತ್ತದೆ.

ಅಂತರಜಾಲ ಬಳಸದವರು ಅದಕ್ಕೂ ಸೇರಿಸಿ ಹಣ ಕಟ್ಟಬೇಕಾಗಿದ್ದುದು ಬಹುದಿನದ ದೂರು. 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಕರೆ ಮತ್ತು ಸಂದೇಶಗಳಿಗಷ್ಟೇ ಸೀಮಿತವಾದ ರೀಚಾರ್ಜನ್ನೂ ಕಂಪನಿಗಳು ನೀಡಬೇಕೆಂದು ನಿಯಮ ತಂದಿದೆ. ಗುಂಡಿ ಫೋನಿನವರು ಅದನ್ನು ಹೆಸರಿಡಿದು ಕೇಳಬೇಕು. ಕೇಳದವರಿಗೆ ಅಂಗಡಿಯವರು ಹೇಳುವುದು ಕಡಿಮೆ.

ಟವರಿನ ಕೊರತೆ ಫೋನಿನಿಂದ ತೀರದು ಎಂಬುದೂ ಸತ್ಯ. 2020ರಲ್ಲಿ ಶಾಲೆ ಮುಚ್ಚಿದಾಗ ಮಕ್ಕಳು ಪಾಠಕ್ಕಾಗಿ ಗುಡ್ಡ ಹತ್ತಿ ಕೊಡೆ ಹಿಡಿದು ಕುಳಿತರು. ಅದರ ಬೆನ್ನಿಗೇ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂಬ ಕೂಗೆದ್ದಿತು. ಸೇವೆಯಿಲ್ಲದ 24,680 ಹಳ್ಳಿಗಳಿಗೆ 4ಜಿ ತಲುಪಿಸುವ 26,316 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟು, ಕೆಲಸವನ್ನು ಬಿಎಸ್ಸೆನ್ನೆಲ್‌ಗೆ ವಹಿಸಿತು. ಅದರ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರ್ 27ರಂದು ಲೋಕಾರ್ಪಣೆಯಾಯಿತು. ಟವರು ಕೇಳುವುದು ಊರಿನ ಕೆಲಸ. ಟವರು ಬಂದ ದಿನ ಮಾತಾಡಬಲ್ಲ ಫೋನನ್ನು ಮನೆಗೆ ತಂದಿಡುವುದು ಇಲ್ಲಿ ನೆರೆದವರ ಕೆಲಸ.

ಸತ್ತ ಫೋನಿನ ಗತಿ

ಕೊನೆಯದಾಗಿ, ಮನೆಯಲ್ಲಿ ಈಗಾಗಲೇ ಇರುವ ಬೀಗವಿಲ್ಲದ ಫೋನು ದುರಸ್ತಿಯಾಗುವಂತಿದ್ದರೆ ಹೊಸದನ್ನು ಕೊಳ್ಳಲೇಬಾರದು. ಬ್ಯಾಟರಿಯಲ್ಲಿ ಲಿಥಿಯಂ, ಕೋಬಾಲ್ಟುಗಳಿವೆ; ಹಳೆಯ ಬೆಸುಗೆಯಲ್ಲಿ ಸೀಸವಿದೆ. ಅವನ್ನು ತೋಟದ ಕಪ್ಪಿಗೆ ಎಸೆದರೆ ಅದೇ ಹಳ್ಳದ ನೀರು ಕೆಳಗಿನವರ ಬಾವಿಗೆ ಹೋಗುತ್ತದೆ. ಒಲೆಗೆ ಹಾಕಿದರೆ ಸಿಡಿಯುತ್ತದೆ. ದೇಶದಲ್ಲಿ ಇ-ತ್ಯಾಜ್ಯದ ನಿಯಮಗಳು 2012ರ ಮೇ ತಿಂಗಳಿನಿಂದ ಜಾರಿಯಲ್ಲಿವೆ. 2022ರ ಹೊಸ ನಿಯಮಗಳು 2023ರ ಏಪ್ರಿಲಿನಿಂದ ಬಂದಿವೆ. ತಯಾರಕರೇ ಕಸದ ಹೊಣೆ ಹೊರಬೇಕೆಂದು ಅವು ಹೇಳುತ್ತವೆ. ಆದರೆ ಆ ಹೊಣೆ ಘಟ್ಟ ಹತ್ತಿ ಹಳ್ಳಿಯ ಜಗಲಿಗೆ ಬರುವುದಿಲ್ಲ. ಸಂಗ್ರಹಣಾ ಕೇಂದ್ರಗಳಿರುವುದು ಬೆಂಗಳೂರಿನಂಥ ನಗರಗಳಲ್ಲಿ.

ಆದ್ದರಿಂದ ಯಡಿಯೂರಿನಿಂದ ಊರಿಗೆ ಹೊಸ ಫೋನು ಒಯ್ಯುವ ಪ್ರತಿಯೊಬ್ಬರೂ ಮರಳಿ ಬರುವಾಗ ಮನೆಯಲ್ಲಿ, ನೆರೆಮನೆಯಲ್ಲಿ ಸತ್ತುಬಿದ್ದ ಫೋನು ಬ್ಯಾಟರಿಗಳನ್ನು ತರುವ ಪದ್ಧತಿಯನ್ನು ಹಾಕಿಕೊಳ್ಳಬಹುದು. ಬ್ಯಾಟರಿಯ ಬಾಯಿಗೆ ಅಂಟುಪಟ್ಟಿ ಸುತ್ತಿ, ಒಣಗಿದ ಡಬ್ಬಿಯಲ್ಲಿ ತಂದು, ಇ-ತ್ಯಾಜ್ಯ ಪಡೆಯುವ ಕೇಂದ್ರಕ್ಕೆ ಒಪ್ಪಿಸಿದರಾಯಿತು. ಅಪ್ಪೆಮಿಡಿ ಉಪ್ಪಿನಕಾಯಿಯೂ ಜೋನಿಬೆಲ್ಲವೂ ಬರುವ ಚೀಲದಲ್ಲಿ ಅದಕ್ಕೆ ಒಂದು ಮೂಲೆ ಸಿಕ್ಕೀತು. ಡಬ್ಬಿ ಮಾತ್ರ ಬೇರೆಯಿರಲಿ.

ಬರುವ ಹಬ್ಬಕ್ಕೆ ಊರಿಗೆ ಹೊರಡುವ ಮುನ್ನ ಎರಡು ಸಿಮ್ಮು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಬೀಗವಿದೆಯೇ ಎಂದು ಕೇಳಿ, 28 ಇದೆಯೇ ಎಂದು ಓದಿ. ಮನೆ ಮುಟ್ಟಿದ ಮೇಲೆ ಅಮ್ಮನ ಕೈಗೆ ಫೋನು ಕೊಟ್ಟು, ತೋಟದ ಕೆಳಗಿನ ಹಳ್ಳದವರೆಗೆ ನಡೆದುಹೋಗಿ, ಅಲ್ಲಿಂದ ಒಮ್ಮೆ ಕರೆ ಮಾಡಿ ನೋಡಿ. ಆ ಕರೆಗೆ ಮನೆಯಿಂದ ಉತ್ತರ ಬಂದರೆ ಆಯ್ಕೆ ಸರಿಯಾಗಿದೆ.